ಆಯುಧ ಮತ್ತು ಅದನ್ನು ಹಿಡಿದ ಕೈ

ಕತ್ತಿಯಲ್ಲಿ ತಪ್ಪಿಲ್ಲ, ತಪ್ಪೇನಿದ್ದರೂ ಅದನ್ನು ಹಿಡಿದ ಕೈಯಲ್ಲಿ ಎಂಬ ಮಾತನ್ನು ನೀವು ಹಲವು ಬಾರಿ ಕೇಳಿರಬಹುದು. ಒಂದೇ ಕತ್ತಿ ಹಣ್ಣನ್ನೂ ಹೆಚ್ಚುತ್ತದೆ, ಕೊರಳನ್ನೂ ಕೊಯ್ಯುತ್ತದೆ. ವೈದ್ಯನ ಕೈಯಲ್ಲಿ ಅದು ಜೀವ ಉಳಿಸುತ್ತದೆ, ಪಾತಕಿಯ ಕೈಯಲ್ಲಿ ಜೀವ ತೆಗೆಯುತ್ತದೆ. ಆದ್ದರಿಂದ ಕತ್ತಿಯನ್ನು ದೂರಿ ಫಲವಿಲ್ಲ, ಮನುಷ್ಯನ ಮನಸ್ಸನ್ನು ತಿದ್ದಿದರೆ ಸಾಕು ಎಂದು ನಾವು ಸುಮ್ಮನಾಗುತ್ತೇವೆ.

ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಪೂರ್ಣ ಸತ್ಯವೇ? ಮನಸ್ಸು ಶುದ್ಧವಾಗಿದ್ದರೆ ಕೈಯಲ್ಲಿ ಏನಿದ್ದರೂ ನಡೆದೀತೇ? ಕೈಯಲ್ಲಿರುವ ವಸ್ತು ಹಿಡಿದವನ ಮನಸ್ಸನ್ನು ಒಂದಿಷ್ಟೂ ಬದಲಿಸುವುದಿಲ್ಲವೇ? ಮನೆಯಲ್ಲಿ ಮಕ್ಕಳಿರುವ ಪ್ರತಿಯೊಬ್ಬರೂ, ಭಯದ ವಾತಾವರಣದಲ್ಲಿ ಬದುಕುವ ಪ್ರತಿಯೊಬ್ಬ ಯುವಕನೂ ಒಮ್ಮೆ ಕುಳಿತು ಯೋಚಿಸಬೇಕಾದ ಪ್ರಶ್ನೆಯಿದು. ಗ್ರಂಥಗಳಿಂದ ತಿಳಿದದ್ದನ್ನು ಹೇಳುವ ಮೊದಲು, ನಾನೇ ಕೈಯಲ್ಲಿ ಹಿಡಿದು ನೋಡಿದ ಕೆಲವು ವಸ್ತುಗಳ ಬಗ್ಗೆ ನಿಮ್ಮೊಡನೆ ಹೇಳಿಕೊಳ್ಳುತ್ತೇನೆ.

ಕವೆಯಿಂದ ಕೋವಿಯವರೆಗೆ

ನಾನು ಬೆಳೆದದ್ದು ಮಲೆನಾಡಿನ ಒಂದು ಹಳ್ಳಿಯಲ್ಲಿ. ನಮ್ಮ ವಯಸ್ಸಿನ ಹುಡುಗರಲ್ಲಿ ಕ್ಯಾಟರ್‌ಬಿಲ್ಲು ಇಲ್ಲದವರು ಕಡಿಮೆ. ಪೇರಳೆ ಮರದ ಗಟ್ಟಿ ಕವೆಯೊಂದನ್ನು ಕಡಿದು, ಸಿಪ್ಪೆ ಸುಲಿದು, ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಪಟ್ಟಿ ಕತ್ತರಿಸಿ, ಹರಿದ ಚಪ್ಪಲಿಯ ಚರ್ಮವನ್ನು ನಡುವೆ ಕಟ್ಟಿದರೆ ಬಿಲ್ಲು ಸಿದ್ಧ. ಹಳ್ಳದ ದಡದಲ್ಲಿ ದುಂಡು ಕಲ್ಲುಗಳಿಗೆ ಬರವಿರಲಿಲ್ಲ. ಮಾವಿನ ಮಿಡಿ, ನೆಲ್ಲಿಕಾಯಿ, ಬೇಲಿಯ ಗೂಟದ ಮೇಲಿಟ್ಟ ಖಾಲಿ ಡಬ್ಬಿ ಇವು ನಮ್ಮ ಗುರಿಗಳು. "ಕಾಯಿಗೆ ಹೊಡಿ, ಡಬ್ಬಿಗೆ ಹೊಡಿ, ಉಸಿರಾಡುವ ಯಾವುದಕ್ಕೂ ಹೊಡೆಯಬೇಡ" ಎಂದು ಉಮ್ಮ ನನಗೆ ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ಮೀರುವ ಧೈರ್ಯ ನನಗಿರಲಿಲ್ಲ.

ಆದರೆ ಒಂದು ವಿಷಯವನ್ನು ನಾನು ಆಗಲೇ ಗಮನಿಸಿದ್ದೆ. ಬಿಲ್ಲು ಮನೆಯಲ್ಲಿ ಬಿಟ್ಟು ಮದ್ರಸಕ್ಕೆ ನಡೆದ ದಿನ ದಾರಿಯಲ್ಲಿ ಪಿಕಳಾರದ ದನಿ ಕೇಳುತ್ತಿತ್ತು. ಬಿಲ್ಲು ಜೇಬಿನಲ್ಲಿದ್ದ ದಿನ ಆ ಹಕ್ಕಿ ಎಷ್ಟು ದೂರದಲ್ಲಿ ಕುಳಿತಿದೆ ಎಂದು ಕಣ್ಣು ಅಳೆಯುತ್ತಿತ್ತು. ಹಕ್ಕಿ ಅದೇ, ಮರ ಅದೇ, ಹುಡುಗನೂ ಅವನೇ. ಬದಲಾದದ್ದು ಜೇಬಿನಲ್ಲಿದ್ದ ವಸ್ತು ಮಾತ್ರ.

ಒಂದು ದಿನ ಜೊತೆಯಲ್ಲಿದ್ದ ಗೆಳೆಯನೊಬ್ಬನ ಕಲ್ಲು ಪಿಕಳಾರಕ್ಕೆ ತಾಗಿತು. ಅವನು ಕೆಟ್ಟ ಹುಡುಗನಲ್ಲ. ತಾಗುತ್ತದೋ ಇಲ್ಲವೋ ನೋಡೋಣ ಎಂದಷ್ಟೇ ಹೊಡೆದಿದ್ದ. ಕೆಳಗೆ ಬಿದ್ದ ಹಕ್ಕಿಯನ್ನು ಎತ್ತಿದಾಗ ಅದರ ಮೈ ಇನ್ನೂ ಬೆಚ್ಚಗಿತ್ತು. ತಿನ್ನುವಂಥದ್ದಲ್ಲ, ಸಾಕುವಂಥದ್ದಲ್ಲ, ಯಾರಿಗೂ ಕೇಡು ಮಾಡಿದ್ದಲ್ಲ. ಅದನ್ನು ಏನು ಮಾಡಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಬೇಲಿಯ ಬುಡದಲ್ಲಿ ಮಣ್ಣು ಕೆದಕಿ ಹೂತು ಬಂದೆವು. ದ್ವೇಷವೇ ಇಲ್ಲದೆ, ಲಾಭವೇ ಇಲ್ಲದೆ ಒಂದು ಜೀವ ಹೋಗಬಹುದೆಂದು ನಾನು ಮೊದಲು ಕಂಡದ್ದು ಅಂದು.

ಆಮೇಲೆ ಊರಿನ ಉರೂಸಿನ ಸಂತೆಯಲ್ಲಿ ಏರ್‌ಗನ್ ಹಿಡಿದೆ. ಹಲಗೆಗೆ ಅಂಟಿಸಿದ ಬಣ್ಣದ ಬಲೂನುಗಳಿಗೆ ಸಣ್ಣ ಸೀಸದ ಗುಂಡು ಹೊಡೆಯುವ ಆಟವದು. ಕ್ಯಾಟರ್‌ಬಿಲ್ಲಿನಲ್ಲಿ ಗುರಿ ಹಿಡಿಯಲು ತಿಂಗಳುಗಟ್ಟಲೆ ಕಲಿಯಬೇಕಾಗಿತ್ತು. ಇಲ್ಲಿ ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಬಲೂನು ಒಡೆಯುತ್ತಿದ್ದರು. ರಟ್ಟೆಯ ಬಲ ಬೇಡ, ಅಭ್ಯಾಸ ಬೇಡ, ಬೆರಳು ಮಡಚಿದರೆ ಸಾಕು. ಆಯುಧ ದೊಡ್ಡದಾದಂತೆ ಶ್ರಮ ಕಡಿಮೆಯಾಗುತ್ತದೆ ಎಂಬುದನ್ನು ಅಲ್ಲಿ ಕಂಡೆ.

ನಿಜವಾದ ಕೋವಿಯನ್ನು ನೋಡಿದ್ದು ಸೋದರಮಾವನ ಮನೆಯಲ್ಲಿ. ಕಾಫಿ ತೋಟದ ಅಂಚಿನಲ್ಲಿದ್ದ ಗದ್ದೆಗೆ ಕಾಡುಹಂದಿಗಳ ಕಾಟ. ಬೆಳೆ ರಕ್ಷಣೆಗೆಂದು ಅವರು ಲೈಸನ್ಸ್ ಪಡೆದು ಒಂದು ಒಂಟಿನಳಿಗೆ ಕೋವಿ ಇಟ್ಟುಕೊಂಡಿದ್ದರು. ರಾತ್ರಿ ಗದ್ದೆಯ ಮಾಳದಲ್ಲಿ ಕುಳಿತು ಆಕಾಶಕ್ಕೆ ಒಂದು ಈಡು ಹೊಡೆದರೆ ಹಂದಿಗಳು ಕಾಡಿಗೆ ಓಡುತ್ತಿದ್ದವು. ಮಾವನಿಗೆ ಕೋವಿಯ ವಿಷಯದಲ್ಲಿ ಕೆಲವು ಕಟ್ಟುನಿಟ್ಟಿನ ನಿಯಮಗಳಿದ್ದವು. ತೋಟೆ ಇರಲಿ ಇಲ್ಲದಿರಲಿ, ಕೋವಿಯ ಬಾಯಿ ಮನುಷ್ಯರ ಕಡೆ ತಿರುಗಬಾರದು. ಅಂಗಳಕ್ಕೆ ಕಾಲಿಡುವ ಮೊದಲೇ ತೋಟೆ ಹೊರಗೆ ಬರಬೇಕು. ಕೋವಿ ಒಂದು ಕಪಾಟಿನಲ್ಲಿ, ತೋಟೆ ಇನ್ನೊಂದರಲ್ಲಿ, ಎರಡರ ಬೀಗದ ಕೈಯೂ ಅವರ ಸೊಂಟದಲ್ಲಿ. "ಖಾಲಿ ಕೋವಿ ಎಂಬುದು ಲೋಕದಲ್ಲಿ ಇಲ್ಲ ಮಗಾ" ಎನ್ನುತ್ತಿದ್ದರು. ಚುನಾವಣೆ ಬಂದಾಗ ಲೈಸನ್ಸಿನ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತಿತ್ತು. ಹಂದಿಗೂ ಆನೆಗೂ ಚುನಾವಣೆಯ ದಿನಾಂಕ ಗೊತ್ತಿಲ್ಲವಲ್ಲ ಎಂದು ನೆರೆಹೊರೆಯ ರೈತರು ಗೊಣಗುತ್ತಿದ್ದರು. ಅವರ ಗೊಣಗಾಟ ನ್ಯಾಯವಾದದ್ದೇ. ಮಾವ ಮಾತ್ರ ರಸೀದಿ ಮಡಚಿ ಜೇಬಿಗಿಟ್ಟು, "ಈ ದಿನಗಳಲ್ಲಿ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ" ಎಂದು ನಗುತ್ತಿದ್ದರು.

ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದಾಗ ಪಾಯಿಂಟ್ ಎರಡು ಎರಡು ರೈಫಲ್ಲಿನಿಂದ ಗುಂಡು ಹಾರಿಸುವ ಅವಕಾಶ ಸಿಕ್ಕಿತು. ನೆಲದ ಮೇಲೆ ಕವುಚಿ ಮಲಗಿ ಕಾಗದದ ಗುರಿಗೆ ಹೊಡೆಯುವುದು. ಅಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಗುಂಡಿನ ಸದ್ದಲ್ಲ, ಅಲ್ಲಿನ ಲೆಕ್ಕ. ಎಷ್ಟು ಗುಂಡು ಕೊಟ್ಟರು, ಎಷ್ಟು ಹಾರಿತು, ಎಷ್ಟು ಖಾಲಿ ತೋಟೆ ಹಿಂದಿರುಗಿತು ಎಂಬುದನ್ನು ಎಣಿಸದೆ ಯಾರನ್ನೂ ಮೈದಾನದಿಂದ ಬಿಡುತ್ತಿರಲಿಲ್ಲ. ಒಂದು ಖಾಲಿ ತೋಟೆ ಹುಲ್ಲಿನಲ್ಲಿ ಕಾಣೆಯಾದರೆ ಎಲ್ಲರೂ ಬಗ್ಗಿ ಹುಡುಕಬೇಕಾಗಿತ್ತು. ಆಯುಧವನ್ನು ಬಲ್ಲವರು ಅದನ್ನು ಎಷ್ಟು ಅನುಮಾನದಿಂದ ನೋಡುತ್ತಾರೆ! ಅದನ್ನು ಅರಿಯದವರು ಎಷ್ಟು ಸಲುಗೆಯಿಂದ ಮುಟ್ಟುತ್ತಾರೆ!

ಉದ್ದೇಶ ಒಳ್ಳೆಯದಿದ್ದರೆ ಸಾಕೇ?

ಓದುಗರೇ, ಈ ಅನುಭವಗಳಿಂದ ನನಗೆ ತಿಳಿದದ್ದು ಇಷ್ಟು. ಆಯುಧವು ಕೈಯ ಬಲವನ್ನು ಹೆಚ್ಚಿಸುವುದರ ಜೊತೆಗೆ ಎರಡು ಸಂಗತಿಗಳನ್ನು ಕಡಿಮೆ ಮಾಡುತ್ತದೆ. ಒಂದು, ಶ್ರಮ. ಇನ್ನೊಂದು, ಸಾಮೀಪ್ಯ. ಬರಿಗೈಯಿಂದ ಒಬ್ಬನಿಗೆ ನೋವು ಕೊಡಬೇಕಾದರೆ ಅವನ ಹತ್ತಿರ ಹೋಗಬೇಕು, ಅವನ ಮುಖ ನೋಡಬೇಕು, ನಮ್ಮ ಕೈಗೂ ನೋವಾಗುತ್ತದೆ. ಅಷ್ಟು ಹೊತ್ತಿನಲ್ಲಿ ಮನಸ್ಸಿಗೆ ಹಿಂದೆ ಸರಿಯಲು ಸಮಯ ಸಿಗುತ್ತದೆ. ಕಲ್ಲು, ಬಾಣ, ಗುಂಡು ಎಂದು ಮುಂದೆ ಹೋದಂತೆ ಆ ಸಮಯ ಕುಗ್ಗುತ್ತದೆ. ಕೊನೆಗೆ ಒಂದು ಕ್ಷಣದ ಸಿಟ್ಟಿಗೂ ಒಂದು ಜೀವದ ಅಂತ್ಯಕ್ಕೂ ನಡುವೆ ಬೆರಳಿನ ಒಂದು ಮಡಿಕೆ ಮಾತ್ರ ಉಳಿಯುತ್ತದೆ. ಆದ್ದರಿಂದ ಮನಸ್ಸನ್ನು ತಿದ್ದಿದರೆ ಸಾಕು ಎನ್ನುವವರು ಒಂದನ್ನು ಮರೆಯುತ್ತಾರೆ. ಮನಸ್ಸಿಗೆ ತನ್ನನ್ನು ತಿದ್ದಿಕೊಳ್ಳಲು ಸಮಯ ಬೇಕು. ಆಯುಧವು ಆ ಸಮಯವನ್ನೇ ಕಸಿದುಕೊಳ್ಳುತ್ತದೆ.

ಪ್ರವಾದಿವರ್ಯರ(ಸ) ಬೋಧನೆಗಳನ್ನು ಈ ದೃಷ್ಟಿಯಿಂದ ನೋಡಿ. ಕರ್ಮಗಳು ಉದ್ದೇಶಗಳಿಂದ ನಿರ್ಧರಿಸಲ್ಪಡುತ್ತವೆ ಎಂದು ಕಲಿಸಿದವರು ಅವರೇ. ಹಾಗಿದ್ದರೂ ಆಯುಧದ ವಿಷಯ ಬಂದಾಗ ಅವರು ಉದ್ದೇಶದ ಮಾತಿಗೆ ನಿಲ್ಲಿಸಲಿಲ್ಲ, ಕೈಗೂ ನಿಯಮ ಹಾಕಿದರು. ಮಸೀದಿಯಲ್ಲಿ ಅಥವಾ ಪೇಟೆಯಲ್ಲಿ ಬಾಣಗಳನ್ನು ಹಿಡಿದು ಹೋಗುವವನು ಅವುಗಳ ಮೊನೆಯನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕೆಂದರು. ಒರೆಯಿಂದ ತೆಗೆದ ಖಡ್ಗವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದನ್ನು ವಿರೋಧಿಸಿದರು. ಸಹೋದರನ ಕಡೆ ಆಯುಧ ತೋರಿಸಬೇಡಿ, ಶೈತಾನನು ಕೈ ಜಾರುವಂತೆ ಮಾಡಿ ನೀವು ನರಕದ ಹೊಂಡಕ್ಕೆ ಬೀಳಬಹುದು ಎಂದು ಎಚ್ಚರಿಸಿದರು. ಒಡಹುಟ್ಟಿದವನ ಕಡೆಗೇ ಆದರೂ ಕಬ್ಬಿಣವನ್ನು ತೋರಿಸುವವನನ್ನು ಮಲಕುಗಳು ಶಪಿಸುತ್ತಾರೆ ಎಂದೂ ಹೇಳಿದರು. ಒಡಹುಟ್ಟಿದವನನ್ನು ಕೊಲ್ಲುವ ಉದ್ದೇಶ ಯಾರಿಗಿರುತ್ತದೆ? ಅದು ತಮಾಷೆಯೇ ಆಗಿರುತ್ತದೆ. ಆ ತಮಾಷೆಗೇ ಈ ಎಚ್ಚರಿಕೆ. ನನ್ನ ಮಾವ ಈ ಹದೀಸ್‌ಗಳನ್ನು ಓದಿದ್ದರೋ ಇಲ್ಲವೋ, ಅವರ ಕಪಾಟಿನ ಬೀಗದಲ್ಲಿ ಇದೇ ತಿಳುವಳಿಕೆಯಿತ್ತು.

ಕಲ್ಲೆಸೆಯುವ ಹುಡುಗರಿಗೂ ಇಲ್ಲಿ ಪಾಠವಿದೆ. ಬೆರಳುಗಳ ನಡುವೆ ಸಣ್ಣ ಕಲ್ಲನ್ನಿಟ್ಟು ಚಿಮ್ಮಿಸುವುದನ್ನು ಪ್ರವಾದಿಯವರು(ಸ) ತಡೆದಿದ್ದರು. ಅದರಿಂದ ಬೇಟೆಯೂ ಸಿಗದು, ಶತ್ರುವಿಗೆ ಪೆಟ್ಟೂ ಆಗದು, ಆದರೆ ಹಲ್ಲು ಮುರಿದೀತು, ಕಣ್ಣು ಹೋದೀತು ಎಂಬುದು ಕಾರಣ. ಇದನ್ನು ವರದಿ ಮಾಡಿದ ಅಬ್ದುಲ್ಲಾ ಬಿನ್ ಮುಗಫ್ಫಲ್(ರ) ಒಬ್ಬನು ಹಾಗೆ ಮಾಡುವುದನ್ನು ಕಂಡು ಬುದ್ಧಿ ಹೇಳಿದರು. ಅವನು ಮತ್ತೆಯೂ ಮಾಡಿದಾಗ ಅವನೊಡನೆ ಮಾತು ಬಿಡುವೆನೆಂದರು. ಒಂದು ಚಿಕ್ಕ ಕಲ್ಲಿಗೆ ಇಷ್ಟು ಗಾಂಭೀರ್ಯವೇ ಎಂದು ನಿಮಗನಿಸಬಹುದು. ಆದರೆ ಆ ಹದೀಸ್‌ನಲ್ಲಿರುವ ಅಳತೆಗೋಲನ್ನು ಗಮನಿಸಿ. ಪ್ರಯೋಜನ ಏನೂ ಇಲ್ಲ, ಹಾನಿಯ ಸಾಧ್ಯತೆ ಇದೆ ಎಂದಾದರೆ ಅದು ಆಟವಾಗಿ ಉಳಿಯುವುದಿಲ್ಲ. ನನ್ನ ಗೆಳೆಯನ ಕಲ್ಲನ್ನೂ ಇಂದಿನ ಎಷ್ಟೋ ಸಾಹಸಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು.

ಇಬ್ನು ಉಮರ್(ರ) ಒಮ್ಮೆ ದಾರಿಯಲ್ಲಿ ಹೋಗುತ್ತಿದ್ದಾಗ ಕುರೈಶ್ ಯುವಕರು ಜೀವಂತ ಹಕ್ಕಿಯೊಂದನ್ನು ನಿಲ್ಲಿಸಿ ಅದಕ್ಕೆ ಬಾಣ ಹೊಡೆಯುವ ಪಂದ್ಯ ಆಡುತ್ತಿದ್ದರು. ಗುರಿ ತಪ್ಪಿದ ಬಾಣಗಳೆಲ್ಲ ಹಕ್ಕಿಯ ಒಡೆಯನಿಗೆ ಎಂಬುದು ಅವರ ಒಪ್ಪಂದ. ಇಬ್ನು ಉಮರ್(ರ) ಅವರನ್ನು ಕಂಡೊಡನೆ ಅವರು ಚದುರಿ ಓಡಿದರು. ಜೀವವಿರುವ ಯಾವುದನ್ನೂ ಗುರಿಹಲಗೆಯನ್ನಾಗಿ ಮಾಡುವವನನ್ನು ಪ್ರವಾದಿಯವರು(ಸ) ಶಪಿಸಿದ್ದಾರೆಂದು ಅವರು ತಿಳಿಸಿದರು. ಆ ಯುವಕರಿಗೆ ಹಕ್ಕಿಯ ಮೇಲೆ ದ್ವೇಷವಿರಲಿಲ್ಲ. ಅವರ ಕಣ್ಣಿಗೆ ಅದು ಹಕ್ಕಿಯಾಗಿ ಕಾಣುವುದು ನಿಂತುಹೋಗಿತ್ತು, ಅಷ್ಟೇ. ಭೂಮಿಯಲ್ಲಿ ನಡೆಯುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಕುರ್‌ಆನ್ ಕಲಿಸುತ್ತದೆ. ನಮ್ಮ ದೇಶದ ಕಾನೂನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲಕ ಅವುಗಳಿಗೆ ರಕ್ಷಣೆ ನೀಡಿದೆ.

ಇನ್ನೂ ಮುಂದೆ ಹೋಗೋಣ. ಕೈತಪ್ಪಿನಿಂದ ಒಬ್ಬ ವಿಶ್ವಾಸಿಯ ಪ್ರಾಣ ಹೋದರೆ? ಉದ್ದೇಶವೇ ಎಲ್ಲವೂ ಆಗಿದ್ದರೆ, ನಾನು ಬೇಕೆಂದು ಮಾಡಲಿಲ್ಲ ಎಂಬ ಮಾತಿಗೆ ವಿಷಯ ಮುಗಿಯಬೇಕಿತ್ತು. ಆದರೆ ಅನ್ನಿಸಾ ಅಧ್ಯಾಯದ 92ನೇ ಸೂಕ್ತವು ಹಾಗೆ ಮುಗಿಸುವುದಿಲ್ಲ. ಒಬ್ಬ ಗುಲಾಮನನ್ನು ಬಿಡುಗಡೆಗೊಳಿಸಬೇಕು, ಸತ್ತವನ ಕುಟುಂಬಕ್ಕೆ ಪರಿಹಾರಧನ ಸಲ್ಲಿಸಬೇಕು, ಗುಲಾಮ ವಿಮೋಚನೆ ಸಾಧ್ಯವಾಗದವನು ಸತತ ಎರಡು ತಿಂಗಳು ಉಪವಾಸ ಆಚರಿಸಬೇಕು. ಬೇಕೆಂದು ಕೊಂದವನಿಗೂ ಇವನಿಗೂ ಅಜಗಜಾಂತರವಿದೆ, ನಿಜ. ಆದರೂ ಅರವತ್ತು ದಿನಗಳ ಹಸಿವಿನಲ್ಲಿ ಅವನು ಕಲಿಯುವುದೇನು? ನನ್ನ ಮನಸ್ಸು ನಿರ್ದೋಷಿಯಾಗಿದ್ದರೂ ನನ್ನ ಕೈಗೆ ಹೊಣೆಯಿದೆ ಎಂಬುದನ್ನು. ಹಂದಿಯೆಂದು ಭ್ರಮಿಸಿ ಪೊದೆಯ ಹಿಂದಿದ್ದ ಮನುಷ್ಯನಿಗೆ ಈಡು ಹೊಡೆದ ಸುದ್ದಿಗಳು ಮಲೆನಾಡಿನವರಿಗೆ ಹೊಸದಲ್ಲ. ಅಂಥ ಮನೆಗಳಲ್ಲಿ ಉದ್ದೇಶದ ಶುದ್ಧಿ ಯಾರ ಕಣ್ಣೀರನ್ನು ಒರೆಸೀತು?

ಉಸಾಮ ಬಿನ್ ಝೈದ್(ರ) ಅವರ ಪ್ರಸಂಗ ನಿಮಗೆ ಗೊತ್ತಿದೆ. ಯುದ್ಧವೊಂದರಲ್ಲಿ ಅವರೂ ಅನ್ಸಾರಿಗಳಲ್ಲೊಬ್ಬರೂ ಒಬ್ಬ ಶತ್ರುವನ್ನು ಬೆನ್ನಟ್ಟಿ ಹಿಡಿದರು. ಅವನು ಸತ್ಯವಚನವನ್ನು ಉಚ್ಚರಿಸಿದ. ಅನ್ಸಾರಿ ಕೈ ತಡೆದರು. ಉಸಾಮರ(ರ) ಈಟಿ ನಿಲ್ಲಲಿಲ್ಲ. ಪ್ರಾಣಭಯದಿಂದ ಹಾಗೆ ಹೇಳಿದನೆಂಬ ಸಮಾಧಾನವನ್ನು ಪ್ರವಾದಿಯವರು(ಸ) ಒಪ್ಪಲಿಲ್ಲ. ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಆ ದಿನಕ್ಕಿಂತ ಮೊದಲು ತಾನು ಇಸ್ಲಾಮ್ ಸ್ವೀಕರಿಸದಿದ್ದರೆ ಚೆನ್ನಾಗಿತ್ತು ಎಂದು ಉಸಾಮರಿಗೆ(ರ) ಅನಿಸುವಷ್ಟು ಕೇಳಿದರು. ಇಬ್ಬರ ಕಿವಿಗೂ ಬಿದ್ದ ಮಾತು ಒಂದೇ. ಒಬ್ಬರಲ್ಲಿ ಮಾತು ಕೈಯನ್ನು ಗೆದ್ದಿತು, ಇನ್ನೊಬ್ಬರಲ್ಲಿ ಕೈ ಮಾತನ್ನು ಮೀರಿತು. ಪ್ರವಾದಿಯವರ(ಸ) ಪ್ರೀತಿಯ ಸಂಗಾತಿಗೇ ಹೀಗಾದರೆ, ನಮ್ಮ ಮನಸ್ಸಿನ ಹಿಡಿತದ ಬಗ್ಗೆ ನಾವು ಅಷ್ಟು ಭರವಸೆಯಿಂದ ಮಾತಾಡಬಹುದೇ?

ಹಾಗಾದರೆ ಆಯುಧವೇ ಬೇಡವೇ?

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರವಾದಿಯವರು(ಸ) ಬಿಲ್ಲುಗಾರಿಕೆಯನ್ನು ಪ್ರೋತ್ಸಾಹಿಸಲಿಲ್ಲವೇ? ಅಸ್ಲಮ್ ಗೋತ್ರದವರು ಬಾಣದ ಪಂದ್ಯ ಆಡುತ್ತಿದ್ದಾಗ, ನಿಮ್ಮ ಪೂರ್ವಜ ಇಸ್ಮಾಈಲ್(ಅ) ಬಿಲ್ಲುಗಾರರಾಗಿದ್ದರು ಎಂದು ಹುರಿದುಂಬಿಸಲಿಲ್ಲವೇ? ಹಬ್ಬದ ದಿನ ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳ ಆಟ ಆಡಿದಾಗ ಆಯಿಶಾ(ರ) ಅವರಿಗೆ ಅದನ್ನು ತೋರಿಸಲಿಲ್ಲವೇ? ತನ್ನ ಸೊತ್ತನ್ನು ರಕ್ಷಿಸುತ್ತಾ ಕೊಲ್ಲಲ್ಪಟ್ಟವನು ಹುತಾತ್ಮನೆಂದು ಹೇಳಲಿಲ್ಲವೇ?

ಎಲ್ಲವೂ ನಿಜ. ಇಸ್ಲಾಮ್ ದುರ್ಬಲತೆಯನ್ನು ಪುಣ್ಯವೆಂದು ಕಲಿಸುವುದಿಲ್ಲ. ಅಲ್ ಹದೀದ್ ಅಧ್ಯಾಯದ 25ನೇ ಸೂಕ್ತದಲ್ಲಿ ಕಬ್ಬಿಣದ ಉಲ್ಲೇಖ ಬಂದಾಗ ಅದರಲ್ಲಿ ಭಾರೀ ಬಲವೂ ಇದೆ, ಜನರಿಗೆ ಪ್ರಯೋಜನಗಳೂ ಇವೆ ಎಂದು ಎರಡನ್ನೂ ಹೇಳಲಾಗಿದೆ. ಆದರೆ ಅದೇ ಸೂಕ್ತದಲ್ಲಿ ಕಬ್ಬಿಣಕ್ಕಿಂತ ಮೊದಲು ಗ್ರಂಥದ ಮತ್ತು ತಕ್ಕಡಿಯ ಪ್ರಸ್ತಾಪವಿದೆ. ಜನರು ನ್ಯಾಯದಲ್ಲಿ ನೆಲೆನಿಲ್ಲಲೆಂದು ಇವು. ಮೊದಲು ಜ್ಞಾನ, ಆಮೇಲೆ ನ್ಯಾಯದ ಅಳತೆ, ಆಮೇಲೆ ಕಬ್ಬಿಣ. ಈ ಕ್ರಮ ತಲೆಕೆಳಗಾದಾಗ ಕಬ್ಬಿಣವೇ ನ್ಯಾಯವನ್ನು ತೀರ್ಮಾನಿಸತೊಡಗುತ್ತದೆ.

ಪ್ರವಾದಿ ದಾವೂದ್(ಅ) ಅವರನ್ನು ನೋಡಿ. ಅವರು ಜಾಲೂತನನ್ನು ಕೊಂದರೆಂದು ಅಲ್ ಬಕರ ಅಧ್ಯಾಯದಲ್ಲಿದೆ. ಕವಣೆಯ ಕಲ್ಲಿನಿಂದ ಎಂಬ ವಿವರ ಬೈಬಲಿನದು. ಆ ವೀರನಿಗೆ ಮುಂದೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು ಯಾವ ವಿದ್ಯೆ ಕಲಿಸಿದ? ಕವಚ ಮಾಡುವ ವಿದ್ಯೆ. ಯುದ್ಧದ ಏಟಿನಿಂದ ನಿಮ್ಮನ್ನು ಕಾಪಾಡಲಿಕ್ಕೆಂದು ಆ ವಿದ್ಯೆ ಎಂದು ಅಲ್ ಅಂಬಿಯಾ ಅಧ್ಯಾಯದ 80ನೇ ಸೂಕ್ತ ತಿಳಿಸುತ್ತದೆ. ಬಲಿಷ್ಠನ ಕೈಗೆ ಕೊಟ್ಟ ಕಬ್ಬಿಣ ರಕ್ಷಣೆಯ ರೂಪ ತಾಳಿತು.

ಆಯುಧವಿರುವ ಸಮಾಜವೆಲ್ಲ ಕ್ರೂರವೂ ಅಲ್ಲ. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಲೈಸನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಗಂಡು ಮಗು ಹುಟ್ಟಿದಾಗ ಒಂದು ಈಡು, ಮನೆಯಲ್ಲಿ ಸಾವಾದಾಗ ಎರಡು ಈಡು ಹೊಡೆಯುವ ಪದ್ಧತಿ ಅಲ್ಲಿದೆ. ಅಂದರೆ ಯಾವಾಗ, ಎಷ್ಟು ಎಂಬ ಮಿತಿ ಅಲ್ಲಿನ ಸಂಪ್ರದಾಯದಲ್ಲೇ ಇದೆ. ಮಿತಿ ಅರಿಯದವರ ಸಂಭ್ರಮಕ್ಕಾಗಿಯೇ ಸರಕಾರ 2019ರಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿ ತರಬೇಕಾಯಿತು. ಮದುವೆ ಮೆರವಣಿಗೆಗಳಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂತೋಷಕ್ಕೆಂದು ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಆಕಾಶಕ್ಕೆ ಹಾರಿದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲವೇ? ಗದ್ದೆಯ ಮೇಲೆ ಇಳಿಯುವುದು ಬೇರೆ, ಜನಜಂಗುಳಿಯ ಮೇಲೆ ಇಳಿಯುವುದು ಬೇರೆ.

ಭಯ ಹಿಡಿಸುವ ಆಯುಧ

ಈಗ ಹೆಚ್ಚು ಕಷ್ಟದ ಮಾತಿಗೆ ಬರೋಣ. ಊರಿನಲ್ಲಿ ಗಲಭೆಯ ವಾತಾವರಣ ಉಂಟಾದಾಗ ನಮ್ಮ ಯುವಕರಲ್ಲಿ ಕೆಲವರು ಬೈಕಿನ ಸೀಟಿನ ಕೆಳಗೆ, ಹಾಸಿಗೆಯ ಅಡಿಯಲ್ಲಿ ತಲವಾರು ಅಥವಾ ಚೂರಿ ಇಟ್ಟುಕೊಳ್ಳುತ್ತಾರೆ. ಕೇಳಿದರೆ, "ಯಾರ ಮೇಲೂ ಎತ್ತಲಿಕ್ಕಲ್ಲ, ರಕ್ಷಣೆಗೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಭಯ ನಿಜ. ಭಯಪಡಲು ಕಾರಣಗಳಿರುವ ದಿನಗಳೂ ಇರುತ್ತವೆ. ಅವರನ್ನು ಗದರಿಸಿ ಸುಮ್ಮನಾಗಿಸುವುದರಿಂದ ಆ ಭಯ ಹೋಗುವುದಿಲ್ಲ.

ಆದರೆ ಸಹೋದರಾ, ಪಿಕಳಾರದ ಹಕ್ಕಿಯನ್ನು ನೆನಪಿಸಿಕೊ. ಜೇಬಿನಲ್ಲಿ ಬಿಲ್ಲಿದ್ದ ಹುಡುಗನ ಕಣ್ಣಿಗೆ ಹಕ್ಕಿಯು ಗುರಿಯಾಗಿ ಕಾಣತೊಡಗಿತು. ಸೀಟಿನ ಕೆಳಗೆ ತಲವಾರು ಇಟ್ಟುಕೊಂಡವನ ಕಣ್ಣಿಗೆ ಎದುರಿನಿಂದ ಬರುವ ಅಪರಿಚಿತ ಹೇಗೆ ಕಾಣುತ್ತಾನೆ? ಬರಿಗೈಯಲ್ಲಿದ್ದಾಗ ನೀನು ದಾರಿ ಬದಲಿಸುತ್ತಿದ್ದ ಕಡೆ, ಆಯುಧವಿದ್ದಾಗ ನಿಲ್ಲುತ್ತೀಯೆ. ನೀನು ನಿಂತದ್ದನ್ನು ಕಂಡು ಅವನೂ ಕೈಯನ್ನು ಹಿಂದಕ್ಕೆ ಒಯ್ಯುತ್ತಾನೆ. ಅವನೂ ರಕ್ಷಣೆಗೆಂದೇ ಇಟ್ಟುಕೊಂಡವನು. ರಕ್ಷಣೆಯ ಎರಡು ಆಯುಧಗಳು ಹೀಗೆ ಎದುರಾದ ಮೇಲೆ ಮೊದಲು ಯಾರು ಎತ್ತಿದರೆಂದು ಯಾವ ನ್ಯಾಯಾಲಯ ಬಿಡಿಸಿ ಹೇಳೀತು? ಇಬ್ಬರು ಮುಸ್ಲಿಮರು ಖಡ್ಗ ಹಿಡಿದು ಎದುರಾದರೆ ಕೊಂದವನೂ ಕೊಲ್ಲಲ್ಪಟ್ಟವನೂ ನರಕದಲ್ಲಿರುವರೆಂದು ಪ್ರವಾದಿಯವರು(ಸ) ಹೇಳಿದಾಗ, ಸತ್ತವನದೇನು ತಪ್ಪೆಂದು ಸಂಗಾತಿಗಳು ಕೇಳಿದರು. ಅವನೂ ಕೊಲ್ಲುವ ಹಂಬಲದಲ್ಲೇ ಇದ್ದನಲ್ಲವೇ ಎಂಬ ಉತ್ತರ ಬಂತು.

ದಾರಿಯಲ್ಲಿ ಮೈಮೇಲೆ ಬಿದ್ದವನನ್ನು ತಡೆಯುವುದು ಒಂದು. ಜನಸಮೂಹವೇ ದಾರಿತಪ್ಪಿ, ಯಾರು ಯಾರನ್ನು ಏಕೆ ಹೊಡೆಯುತ್ತಿದ್ದಾರೆಂದು ತಿಳಿಯದಂತಾಗುವ ಫಿತ್ನಾದ ದಿನಗಳು ಇನ್ನೊಂದು. ಅಂಥ ದಿನಗಳಿಗೆ ಪ್ರವಾದಿಯವರ(ಸ) ಆದೇಶ ಬೇರೆಯೇ ಇದೆ. ಬಿಲ್ಲುಗಳನ್ನು ಮುರಿಯಿರಿ, ಹೆದೆಯನ್ನು ಕತ್ತರಿಸಿರಿ, ಖಡ್ಗವನ್ನು ಕಲ್ಲಿಗೆ ಬಡಿಯಿರಿ, ಮನೆಯೊಳಗೆ ನುಗ್ಗಿ ಬಂದರೂ ಆದಮರ(ಅ) ಇಬ್ಬರು ಪುತ್ರರಲ್ಲಿ ಉತ್ತಮನಾದವನಂತಿರಿ ಎಂದು ಅವರು ಹೇಳಿರುವುದಾಗಿ ಅಬೂ ಮೂಸಾ ಅಲ್ ಅಶ್‌ಅರೀ(ರ) ವರದಿ ಮಾಡಿದ್ದಾರೆ. ಆ ಪುತ್ರನು, ನೀನು ನನ್ನನ್ನು ಕೊಲ್ಲಲು ಕೈಯೆತ್ತಿದರೂ ನಾನು ನಿನ್ನನ್ನು ಕೊಲ್ಲಲು ಕೈಯೆತ್ತಲಾರೆ, ನಾನು ಅಲ್ಲಾಹನನ್ನು ಭಯಪಡುತ್ತೇನೆ ಎಂದವನು. ಅವನ ಭಯ ಅಣ್ಣನ ಮೇಲಿರಲಿಲ್ಲ, ಅಲ್ಲಾಹನ ಮೇಲಿತ್ತು ಎಂಬುದನ್ನು ಗಮನಿಸಬೇಕು.

ಉಹ್‌ಬಾನ್ ಬಿನ್ ಸೈಫೀ(ರ) ಎಂಬ ಸಹಾಬಿಯ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಮುಸ್ಲಿಮರ ನಡುವೆ ಒಡಕು ಉಂಟಾದ ಕಾಲದಲ್ಲಿ ಅಲೀ(ರ) ಅವರ ಮನೆಗೆ ಬಂದು ತನ್ನೊಂದಿಗೆ ಹೊರಡುವಂತೆ ಕೇಳಿದರು. ಜನರು ಒಡೆದುಹೋದಾಗ ಮರದ ಖಡ್ಗ ಮಾಡಿಟ್ಟುಕೊಳ್ಳಲು ಪ್ರವಾದಿಯವರು(ಸ) ತನಗೆ ಉಪದೇಶಿಸಿದ್ದರು, ನಾನು ಹಾಗೆಯೇ ಮಾಡಿದ್ದೇನೆ, ಬೇಕಾದರೆ ಅದನ್ನು ಹಿಡಿದು ಬರುತ್ತೇನೆ ಎಂದು ಅವರು ಉತ್ತರಿಸಿದರು. ಅಲೀ(ರ) ಅವರನ್ನು ಬಿಟ್ಟು ಹೋದರು. ಉಹ್‌ಬಾನ್(ರ) ಹೇಡಿಯಾಗಿದ್ದರೇ? ನಾಲ್ಕು ಕಡೆ ಕಬ್ಬಿಣ ಝಳಪಿಸುವಾಗ ಮರದ ಖಡ್ಗ ಹಿಡಿದು ನಿಲ್ಲಲು ಎಷ್ಟು ಧೈರ್ಯ ಬೇಕು!

ಹಾಗಾದರೆ ರಕ್ಷಣೆ ಹೇಗೆ ಎಂದು ಕೇಳುತ್ತೀರಿ. ಊರಿನ ಹಿರಿಯರು ಎರಡೂ ಕಡೆಯವರನ್ನು ಕೂರಿಸಿ ಮಾತಾಡುವುದು, ನೆರೆಯವರೊಂದಿಗೆ ಶಾಂತಿಯ ದಿನಗಳಲ್ಲೇ ಬಾಂಧವ್ಯ ಬೆಳೆಸುವುದು, ಸಂಶಯ ಬಂದೊಡನೆ ಕಾನೂನಿನ ಬಾಗಿಲು ತಟ್ಟುವುದು, ದೂರನ್ನು ಬರೆದು ಸ್ವೀಕೃತಿ ಪಡೆಯುವುದು, ಒಂಟಿಯಾಗಿ ಹೋಗುವುದನ್ನು ತಪ್ಪಿಸುವುದು ಇವೆಲ್ಲ ರಕ್ಷಣೆಯ ದಾರಿಗಳೇ. ಇವು ತಲವಾರಿನಷ್ಟು ಬೇಗ ಧೈರ್ಯ ಕೊಡುವುದಿಲ್ಲ. ಇವುಗಳಿಂದ ಪ್ರತಿ ಬಾರಿಯೂ ಫಲ ಸಿಗುತ್ತದೆಂಬ ಖಾತರಿಯೂ ಇಲ್ಲ. ಆದರೆ ತಲವಾರಿಗೂ ಆ ಖಾತರಿಯಿಲ್ಲ. ಅದು ಕೊಡುವುದು ಧೈರ್ಯದ ಭ್ರಮೆಯನ್ನು, ಮತ್ತು ತಪ್ಪಿದರೆ ಜೀವಾವಧಿಯ ಸೆರೆಯನ್ನು. ಆ ಸೆರೆ ಒಬ್ಬನದಲ್ಲ. ವಾರವಾರವೂ ಜೈಲಿನ ಬಾಗಿಲಲ್ಲಿ ಬುತ್ತಿ ಹಿಡಿದು ಕಾಯುವ ತಾಯಿಯದೂ ಹೌದು.

ಮಾಡಿದವನು, ಮಾರಿದವನು

ಕೈಯ ಹೊಣೆ ಹಿಡಿದವನಲ್ಲಿಗೆ ಮುಗಿಯುತ್ತದೆಯೇ? ಲೋಕಪ್ರಸಿದ್ಧ ರೈಫಲ್ಲಿಗೆ ತನ್ನ ಹೆಸರನ್ನೇ ಕೊಟ್ಟ ರಷ್ಯಾದ ಮಿಖಾಯಿಲ್ ಕಲಾಶ್ನಿಕೋವ್ ಅದನ್ನು 1947ರಲ್ಲಿ ರೂಪಿಸಿದ್ದು ತನ್ನ ದೇಶದ ರಕ್ಷಣೆಗೆಂದು. ಸಾವುಗಳ ಬಗ್ಗೆ ಕೇಳಿದಾಗ, ಅದಕ್ಕೆ ರಾಜಕಾರಣಿಗಳು ಹೊಣೆ ಎಂದು ಆತ ಬಹಳ ಕಾಲ ಹೇಳುತ್ತಿದ್ದ. ಕತ್ತಿಯಲ್ಲಿ ತಪ್ಪಿಲ್ಲ ಎಂಬ ಮಾತಿನ ಇನ್ನೊಂದು ರೂಪವದು. ಆದರೆ ತೊಂಬತ್ತು ದಾಟಿದ ಮೇಲೆ, 2012ರಲ್ಲಿ, ತನ್ನ ದೇಶದ ಕ್ರೈಸ್ತ ಧರ್ಮಗುರುವಿಗೆ ಪತ್ರ ಬರೆದು, ತನ್ನ ರೈಫಲ್ ಜನರ ಪ್ರಾಣ ತೆಗೆದಿದ್ದರೆ, ಸತ್ತವರು ಶತ್ರುಗಳೇ ಆಗಿದ್ದರೂ, ಆ ಸಾವುಗಳಿಗೆ ತಾನೂ ಹೊಣೆಯೇ ಎಂದು ಸಹಿಸಲಾರದ ನೋವಿನಿಂದ ಕೇಳಿದ. 2013ರ ಡಿಸೆಂಬರಿನಲ್ಲಿ ಆತ ತೀರಿಕೊಂಡ ಮೇಲೆ ಆ ಪತ್ರ ಪ್ರಕಟವಾಯಿತು. ಆ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕೆಲಸವಲ್ಲ. ಅದು ಆ ವಯಸ್ಸಿನಲ್ಲಿ ಎದ್ದಿತೆಂಬುದೇ ನಮಗೆ ಪಾಠ. ಫಿತ್ನಾದ ಕಾಲದಲ್ಲಿ ಆಯುಧ ಮಾರುವುದನ್ನು ಸಹಾಬಿ ಇಮ್ರಾನ್ ಬಿನ್ ಹುಸೈನ್(ರ) ಇಷ್ಟಪಡುತ್ತಿರಲಿಲ್ಲ ಎಂದು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಹರಿತ ಮಾಡಿಕೊಟ್ಟವನು, ಹಣ ಕೊಟ್ಟವನು, ಅಡಗಿಸಿಟ್ಟವನು, ಮೊಬೈಲಿನಲ್ಲಿ ಸುಳ್ಳು ಸುದ್ದಿ ದಾಟಿಸಿ ಸಿಟ್ಟು ಹಚ್ಚಿದವನು, ಇವರೆಲ್ಲ ತಮ್ಮ ಕೈ ಶುದ್ಧವಾಗಿದೆಯೆಂದು ಭಾವಿಸಬಾರದು. ಯಾರ ನಾಲಗೆಯಿಂದಲೂ ಕೈಯಿಂದಲೂ ಇತರರು ಸುರಕ್ಷಿತರಾಗಿರುವರೋ ಅವನೇ ಮುಸ್ಲಿಮ್ ಎಂದಾಗ ಪ್ರವಾದಿಯವರು(ಸ) ನಾಲಗೆಯನ್ನು ಕೈಗಿಂತ ಮೊದಲು ಹೇಳಿದರು.

ತಂದೆ ತಾಯಂದಿರೇ, ಹಬ್ಬಕ್ಕೆ ಮಗ ಆಟದ ಪಿಸ್ತೂಲು ಕೇಳಿದರೆ ಅವನನ್ನು ಗದರಿಸಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ತಂಗಿಯ ಮುಖಕ್ಕೆ ಹಿಡಿದು ನಕ್ಕಾಗ ನೀವೂ ನಗಬೇಡಿ. ಪಕ್ಕದಲ್ಲಿ ಕುಳಿತು, ಮುಖದ ಕಡೆ ತಿರುಗಿಸುವುದನ್ನು ನಮ್ಮ ಪ್ರವಾದಿಯವರು(ಸ) ಬೇಡವೆಂದಿದ್ದಾರೆ ಎಂದು ಕಲಿಸಿ. ಅವನು ಹಕ್ಕಿಗೆ ಕಲ್ಲೆತ್ತಿದರೆ ಕೈಹಿಡಿದು ನಿಲ್ಲಿಸಿ, ಮಾವಿನ ಮಿಡಿಯನ್ನು ತೋರಿಸಿ. ಮೊಬೈಲಿನ ಆಟದಲ್ಲಿ ನೂರಾರು ಜನರನ್ನು ಹೊಡೆದುರುಳಿಸಿ ಎದ್ದವನೊಡನೆ ಆ ರಾತ್ರಿ ಹತ್ತು ನಿಮಿಷ ಮಾತಾಡಿ. ಬೆಳೆದ ಮಗನ ಕೋಣೆಯಲ್ಲಿ ಚೂರಿ ಕಂಡರೆ ಬಚ್ಚಿಡಲು ಸಹಕರಿಸಬೇಡಿ. ಅವನ ಭಯವೇನೆಂದು ಮೊದಲು ಕೇಳಿ, ಆಮೇಲೆ ಆ ಚೂರಿಯನ್ನು ಮನೆಯಿಂದ ಹೊರಗೆ ಹಾಕಿಸಿ.

ಕತ್ತಿಯಲ್ಲಿ ತಪ್ಪಿಲ್ಲ ಎಂಬ ಮಾತು ಅರ್ಧ ಮಾತ್ರ ಸರಿ. ಕೈ ಹೊಣೆಗಾರನೆಂಬುದು ನಿಜವಾಗಿದ್ದರೆ, ಯಾವುದನ್ನು ಹಿಡಿಯಬೇಕು, ಯಾವುದನ್ನು ಹಿಡಿಯಬಾರದು, ಹಿಡಿದದ್ದನ್ನು ಯಾವಾಗ ಕೆಳಗಿಡಬೇಕು ಎಂಬುದಕ್ಕೂ ಅದೇ ಕೈ ಹೊಣೆ. ಅಂದು ಬಾಯಿಗಳಿಗೆ ಮುದ್ರೆಯೊತ್ತಿ ಕೈಗಳನ್ನು ಮಾತಾಡಿಸಲಾಗುವುದೆಂದು ಕುರ್‌ಆನ್ ನಮಗೆ ತಿಳಿಸಿದೆ. ಆ ದಿನ ನಮ್ಮ ಕೈಗಳು ನಮ್ಮ ಪರವಾಗಿ ಸಾಕ್ಷಿ ಹೇಳುವಂತೆ ಇಂದು ಅವುಗಳನ್ನು ಬಳಸೋಣ. ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ನಮ್ಮ ನೆರೆಹೊರೆಯವರನ್ನೂ ಪರಸ್ಪರರ ಕೈಯಿಂದ ಸುರಕ್ಷಿತರಾಗಿಡಲಿ, ಆಮೀನ್.